ತತ್ತಿ ಫ್ರೇಮಿನೊಳಗಿನ ಜೀವಂತ ಮನುಷ್ಯ

ಯಾದಗಿರಿಯ ಕಾಲೇಜೊಂದರಲ್ಲಿ ಸಿನೆಮಾದ ಬಗ್ಗೆ ಭಾಷಣ ಇದೆ ಎಂದು ಅಕ್ಕನ ಮಗಳು ನನ್ನನ್ನು ಎಳೆದುಕೊಂಡು ಹೋದಳು. ಭಾಷಣಕಾರ ದೂರದ ಶಹರದಿಂದ ಬಂದವನು. ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದ. ಯಾದಗಿರಿಯ ಬಿಸಿಲಿನಲ್ಲಿ ಕುತ್ತಿಗೆಗೆ ಶಾಲು ಸುತ್ತಿಕೊಳ್ಳುವವನ ಬುದ್ಧಿಯ ಬಗ್ಗೆ ನನಗೆ ಅಲ್ಲಿಯೇ ಸಂಶಯ ಬಂತು. ಪರದೇಶಕ್ಕೆ ವಲಸೆ ಹೋದ ಮನೆಗಳ ಸಿನೆಮಾಗಳಲ್ಲಿ ಮನೆಯೊಳಗಿನ ಜಗಳವನ್ನು ಕ್ಯಾಮೆರಾ ಮತ್ತು ಸಂಗೀತ ಹೇಗೆ ಹೇಳುತ್ತವೆ ಎಂಬುದು ಅವನ ವಿಷಯ.

ತುಣುಕುಗಳನ್ನು ತೋರಿಸಿದ. ಒಂದರಲ್ಲಿ ಅಪ್ಪ ಮಗ ಊಟಕ್ಕೆ ಕೂತಿದ್ದಾರೆ. ಇಬ್ಬರೂ ಮಾತಾಡುವುದಿಲ್ಲ. ಕ್ಯಾಮೆರಾ ಬಾಗಿಲ ಹಿಂದೆ ನಿಂತು ಕದ್ದು ನೋಡುತ್ತದೆ, ನೆರೆಮನೆಯವಳ ಹಾಗೆ. ಅಪ್ಪನ ಬೆನ್ನು, ಮಗನ ಚಮಚ, ಕಿಟಕಿಯಾಚೆ ಹಿಮ. ಎಲ್ಲೋ ಒಂದು ತಂತಿವಾದ್ಯ ಹೊಟ್ಟೆನೋವು ಬಂದಂತೆ ನರಳುತ್ತದೆ. "ನೋಡಿ, ಇಲ್ಲಿ ಬಾಗಿಲ ಚೌಕಟ್ಟೇ ಒಂದು ಗಡಿ. ಈ ಬೆನ್ನು ಕಳೆದುಕೊಂಡ ನೆಲದ ಬೆನ್ನು" ಎಂದ. ಹುಡುಗರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆ. ಫ್ಯಾನಿನ ಕೆಳಗೆ ಜಾಗ ಸಿಕ್ಕವರು ಯಾವುದಕ್ಕೂ ತಲೆಯಾಡಿಸುತ್ತಾರೆ.

ಆದರೆ ಒಳಗೊಳಗೇ ನನಗೆ ನಗು. ಈ ಬೆನ್ನು, ಈ ಚೌಕಟ್ಟು, ಈ ನರಳಾಟ ಎಲ್ಲವನ್ನೂ ನಾನು ಇವನಿಗಿಂತ ಮೂವತ್ತು ವರ್ಷ ಮೊದಲೇ, ಶಹಾಪುರದ ಒಂದು ಹಿತ್ತಿಲ ಕೋಣೆಯಲ್ಲಿ, ಎರಡು ವಿಸಿಆರ್ ಇಟ್ಟುಕೊಂಡು ಮಾಡಿ ಮುಗಿಸಿದ್ದೆ. ಮಾಡಿ ಒಬ್ಬ ಮನುಷ್ಯನನ್ನು ಕೊಂದೂ ಇದ್ದೆ. ಅವನಿಗೆ ಏನೂ ಆಗಲಿಲ್ಲ ಎಂಬುದು ಬೇರೆ ಮಾತು.

ಕಾಲುವೆಗೆ ನೀರು ಬಂದ ಮೇಲಿನ ವರ್ಷಗಳವು. ಜೋಳ, ತೊಗರಿ ಬೆಳೆಯುತ್ತಿದ್ದ ನಮ್ಮ ಎರೆಹೊಲಗಳನ್ನು ಕೊಂಡು, ಆಂಧ್ರದ ಕರಾವಳಿ ಕಡೆಯ ರೈತರು ಬಂದು ಭತ್ತ ಹಚ್ಚಿದರು. ಅವರು ಮನೆ ಕಟ್ಟಿಕೊಂಡ ಜಾಗಕ್ಕೆಲ್ಲ ಕ್ಯಾಂಪ್ ಎಂದೇ ಹೆಸರು. ಅದೇ ಹೊತ್ತಿಗೆ ನಮ್ಮವರು ಗಾರೆ ಕೆಲಸಕ್ಕೆಂದು ಪುಣೆ, ಮುಂಬೈ ರೈಲು ಹತ್ತುತ್ತಿದ್ದರು. ಅವರು ಇಲ್ಲಿಗೆ ಬಂದರು, ಇವರು ಅಲ್ಲಿಗೆ ಹೋದರು. ಹಿಮ ಬೀಳುವ ಊರಲ್ಲವಲ್ಲ, ಹೀಗಾಗಿ ಯಾರ ಸಿನೆಮಾವನ್ನೂ ಯಾರೂ ತೆಗೆಯಲಿಲ್ಲ.

ನನ್ನ ತವರು ಸುರಪುರ. ಮದುವೆಯಾಗಿ ಶಹಾಪುರಕ್ಕೆ ಬಂದಾಗ ನಮ್ಮನೆಯವರಿಗೆ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಫೋಟೊ ಸ್ಟುಡಿಯೊ ಇತ್ತು. ಕ್ಯಾಂಪಿನ ಮದುವೆಗಳು ಶುರುವಾದ ಮೇಲೆ ಅವರು ಹೆಗಲಿಗೆ ಹೊರುವ ವಿಡಿಯೊ ಕ್ಯಾಮೆರಾ ತಂದರು. ಶೂಟಿಂಗ್ ಅವರದು, ತುಣುಕು ಜೋಡಿಸಿ ಸಂಗೀತ ಕೂಡಿಸುವ ಮಿಕ್ಸಿಂಗ್ ನನ್ನದು. ಅವರ ಶೂಟಿಂಗ್ ಎಂದರೆ ಝೂಮ್ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟವರು ಆರತಕ್ಷತೆಯವರೆಗೂ ತೆಗೆಯುತ್ತಿರಲಿಲ್ಲ. ಮದುಮಗಳ ಮೂಗುತಿ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನೋಡಿದವರಿಗೆ ಬಸ್ಸಿನಲ್ಲಿ ಕೂತಂತೆ ತಲೆ ತಿರುಗುತ್ತಿತ್ತು. ಅದೇ ಚಲೋ ವಿಡಿಯೊ ಎಂದು ಹೆಸರಾಯಿತು.

ನನ್ನ ಮಿಕ್ಸರಿನಲ್ಲಿ ಇದ್ದದ್ದು ಮೂರೇ ಫ್ರೇಮು. ಹೃದಯದ್ದು, ಆಕಾಶದ ಚುಕ್ಕಿಯದ್ದು, ಕೋಳಿ ತತ್ತಿಯದ್ದು. ಹೃದಯದೊಳಗೆ ಮದುಮಕ್ಕಳು. ಚುಕ್ಕಿಯೊಳಗೆ ಬಳಗದ ಸಣ್ಣ ಮಕ್ಕಳು. ತತ್ತಿಯೊಳಗೆ ತೀರಿಕೊಂಡ ಹಿರಿಯರು. ನಮ್ಮ ಕಡೆ ಮದುವೆಯ ಕ್ಯಾಸೆಟ್ ಶುರುವಾಗುವುದೇ ತೀರಿಕೊಂಡವರಿಂದ. ಗೋಡೆಯ ಫೋಟೊವನ್ನು ಕ್ಯಾಮೆರಾದಲ್ಲಿ ಹಿಡಿದು, ಅಂಚು ಮಬ್ಬಾದ ತತ್ತಿಯಾಕಾರದಲ್ಲಿ ಕೂಡಿಸಿ, ಕೆಳಗೊಂದು ದೀಪ ಉರಿಸಿ, ಹಿಂದೆ ಕೊಳಲು ಹಾಕಬೇಕು. ಸಂಗೀತದ ಕ್ಯಾಸೆಟ್ಟೂ ಮೂರೇ. ಶಹನಾಯಿ ತಾಳಿಗೆ, ಬ್ಯಾಂಡು ಊಟಕ್ಕೆ, ಕೊಳಲು ಸತ್ತವರಿಗೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು ಎಂಬುದೇ ನನ್ನ ಮೇಲೆ ನನಗಿರುವ ಸಿಟ್ಟಿಗೆ ಕಾರಣ.

ದೋರನಹಳ್ಳಿ ಕಡೆಗೆ ಹೋಗುವಾಗ ಕಾಲುವೆಯ ಪಕ್ಕಕ್ಕೆ ಒಂದು ಕ್ಯಾಂಪ್ ಇತ್ತು. ಅಲ್ಲಿನ ಯಜಮಾನನೊಬ್ಬನ ಹಿರಿಮಗಳ ಮದುವೆ. ಹತ್ತು ವರ್ಷದ ಹಿಂದೆ ಅವನು ಆಂಧ್ರದ ತನ್ನ ಊರಿನಲ್ಲಿ ಪಾಲಿಗೆ ಬಂದ ನೆಲ ಮಾರಿ ಇಲ್ಲಿಗೆ ಬಂದಾಗ ಅವನ ತಾಯಿ, ಅಪ್ಪನ ಮಣ್ಣು ಮಾರಿದವನ ಮಣ್ಣಿಗೆ ನಾನು ಕಾಲಿಡುವುದಿಲ್ಲ ಎಂದಿದ್ದಳಂತೆ. ಸಣ್ಣ ಮಗನ ಜೊತೆ ಅಲ್ಲೇ ಉಳಿದಳು. ಇವನೂ ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಮಗಳ ಮದುವೆ ಬಂತು. ಮೊದಲ ಲಗ್ನಪತ್ರಿಕೆಗೆ ನಾಲ್ಕು ಮೂಲೆಗೂ ಅರಿಷಿಣ ಹಚ್ಚಿ, ಮನೆಯ ಹಿರಿಯರ ಕೈಗೆ ಖುದ್ದಾಗಿ ಕೊಟ್ಟು, ಕಾಲು ಮುಟ್ಟಿ ಕರೆಯಬೇಕು. ಅರಿಷಿಣ ಹಚ್ಚಿದ. ಅಂಚೆ ಡಬ್ಬಿಗೆ ಹಾಕಿದ. ಮುದುಕಿ ಬರಲಿಲ್ಲ.

ಮದುವೆಯ ದಿನ ಅವನು ಪಕ್ಕದಲ್ಲೊಂದು ಕಬ್ಬಿಣದ ಕುರ್ಚಿಯನ್ನು ಖಾಲಿ ಇಟ್ಟುಕೊಂಡು ಕೂತಿದ್ದ. ಯಾರಾದರೂ ಕೂಡಲು ಬಂದರೆ, "ಅಲ್ಲಿ ಮಂದಿ ಅದಾರ್ರಿ" ಎನ್ನುತ್ತಿದ್ದ. ಕ್ಯಾಮೆರಾ ಬಂದಾಗಲೆಲ್ಲ ಬೆನ್ನು ತಿರುಗಿಸುತ್ತಿದ್ದ. ನಾಲ್ಕು ತಾಸಿನ ಶೂಟಿಂಗಿನಲ್ಲಿ ಹೆಣ್ಣಿನ ಅಪ್ಪನ ಮುಖ ಒಂದು ಕಡೆಯೂ ಇಲ್ಲ. ಕಣ್ಣು ಒದ್ದೆಯಾಗಿದ್ದವೋ, ಸಿಟ್ಟಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರು ದಿನದ ಮೇಲೆ ಮದುಮಗಳು ಸ್ಟುಡಿಯೊಗೆ ಬಂದಳು. ಗಂಡನ ಮನೆ ಸಿಂಧನೂರು ಕಡೆಯ ಕ್ಯಾಂಪ್. ಒಂದು ತಿಂಗಳಾದ ಮೇಲೆ ಕಳಿಸಿಕೊಡುವ ಮುಹೂರ್ತ. ಸೋದರಮಾವ ಊರಿಗೆ ಹೊರಟಿದ್ದ, ಅವನ ಕೈಯಲ್ಲಿ ಅಜ್ಜಿಗೆ ಕ್ಯಾಸೆಟ್ ಕಳಿಸಬೇಕಿತ್ತು.

"ಅಕ್ಕಾರ, ನಾ ಹೋಗೂದ್ರಾಗ ಅಜ್ಜಿ ಒಮ್ಮೆ ಇಲ್ಲಿಗೆ ಬರಬೇಕ್ರಿ. ನಾ ಹೋದ ಮ್ಯಾಲ ಈ ಮನ್ಯಾಗ ಆಕಿ ಹೆಸರು ತಗೊಳ್ಳಾವರು ಯಾರೂ ಇರಾಂಗಿಲ್ಲ. ನೋಡಿದ್ರ ಆಕಿ ಜೀವ ಚುರ್ ಅನ್ನಬೇಕು, ಹಂಗ ಮಾಡಿಕೊಡ್ರಿ" ಎಂದಳು.

ಇಷ್ಟು ಸಾಕಾಯಿತು ನನಗೆ. ಅಲ್ಲಿಯವರೆಗೂ ಮೂಗುತಿ, ಊಟದ ಪಂಕ್ತಿ, ಮುಯ್ಯಿಯ ಪಾತ್ರೆ ಜೋಡಿಸಿ ಜೋಡಿಸಿ ಬೇಸತ್ತಿದ್ದೆ. ಎದುರಿಗಿನ ವಿಡಿಯೊ ಅಂಗಡಿಯಿಂದ ಬಾಡಿಗೆ ಕ್ಯಾಸೆಟ್ ತಂದು ನೋಡುವ ಚಟ ಬೇರೆ. ಪರದೇಶಕ್ಕೆ ಹೋದವರ ಆಗಿನ ಕಥೆಗಳಲ್ಲಿ ಮಗ ವಾಪಸು ಬಂದರೆ ಅಪ್ಪ ಮಹಡಿ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಮುಚ್ಚಿದ ಮನೆಯೊಳಗೆ ಎಲ್ಲಿಂದಲೋ ಗಾಳಿ ಬೀಸುತ್ತಿತ್ತು. ಕ್ಯಾಮೆರಾ ಗಾಣದೆತ್ತಿನ ಹಾಗೆ ಅಪ್ಪನ ಸುತ್ತ ಮೂರು ಸುತ್ತು ಹಾಕುತ್ತಿತ್ತು. ಅಷ್ಟರಲ್ಲಿ ತಾಯಿಯ ಕೈಯಿಂದ ತಟ್ಟೆ ಬೀಳಬೇಕು. ನಮ್ಮ ಮನೆಗಳಲ್ಲಿ ಜಗಳವಾದರೆ ತಟ್ಟೆ ಬೀಳುವುದಿಲ್ಲ, ಎಸೆಯುತ್ತೇವೆ. ಆದರೂ ಅದನ್ನು ನೋಡಿ ನಾನು ಸೆರಗು ಒದ್ದೆ ಮಾಡಿಕೊಳ್ಳುತ್ತಿದ್ದೆ. ನನ್ನೊಳಗೂ ಒಬ್ಬ ಡೈರೆಕ್ಟರ್ ಇದ್ದಾನೆ ಎಂಬ ಭ್ರಮೆ ಹುಟ್ಟಿದ್ದು ಅಲ್ಲಿ.

ಕೂತೆ. ಮೊದಲಿಗೆ ಪದ್ಧತಿಯಂತೆ ತೀರಿಕೊಂಡ ಅಜ್ಜನನ್ನು ತತ್ತಿ ಫ್ರೇಮಿನಲ್ಲಿ ಕೂಡಿಸಿ, ದೀಪ ಹಚ್ಚಿ, ಕೊಳಲು ಊದಿಸಿದೆ. ಮದುವೆ ನಡೆಯಿತು. ತಾಳಿ ಕಟ್ಟುವ ಹೊತ್ತಿಗೆ ನನ್ನ ಕಲೆ ಶುರು. ಅಪ್ಪನ ಬೆನ್ನನ್ನು ಸ್ಲೋಮೋಷನ್ನಿಗೆ ಹಾಕಿದೆ. ಬೆನ್ನಿಂದ ಖಾಲಿ ಕುರ್ಚಿಗೆ, ಕುರ್ಚಿಯಿಂದ ಬೆನ್ನಿಗೆ, ಹೀಗೆ ಐದು ಸಲ. ಮುಖ ಬೇಕೆನಿಸಿತು. ಮುಖ ಇಲ್ಲ. ಹಿಂದೊಮ್ಮೆ ಯಾವುದೋ ಅರ್ಜಿಗೆ ಅವನು ನಮ್ಮಲ್ಲೇ ತೆಗೆಸಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೊ ನೆನಪಾಯಿತು. ಅದನ್ನು ಹುಡುಕಿ ಕ್ಯಾಮೆರಾದಲ್ಲಿ ಹಿಡಿದೆ. ಬರೀ ಫೋಟೊ ಬೋಳುಬೋಳಾಗಿ ಕಂಡಿತು. ಯಾವುದಾದರೂ ಫ್ರೇಮು ಬೇಕು. ಮೀಸೆ ಹೊತ್ತ ಗಂಡಸನ್ನು ಹೃದಯದೊಳಗೆ ಕೂಡಿಸಲು ಬರುವುದಿಲ್ಲ. ಚುಕ್ಕಿಯೊಳಗೆ ಹಾಕಿದರೆ ಸರ್ಕಸ್ಸಿನವನ ಹಾಗೆ ಕಾಣುತ್ತಾನೆ. ಉಳಿದದ್ದು ತತ್ತಿ. ಶಹನಾಯಿ ದುಃಖಕ್ಕೆ ಒಗ್ಗಲಿಲ್ಲ, ಕೊಳಲು ಹಾಕಿದೆ. ಕೊನೆಗೆ ಮತ್ತೆ ಖಾಲಿ ಕುರ್ಚಿ. ನನ್ನ ಕೆಲಸವನ್ನು ನಾನೇ ಎರಡು ಸಲ ಹಾಕಿ ನೋಡಿದೆ.

ನಮ್ಮನೆಯವರು ಬಂದು ನೋಡಿ, "ಇದೇನ್ ಮಾಡೀದಿ? ಅಂವ ಇನ್ನೂ ಬದುಕ್ಯಾನ" ಎಂದರು.

"ನಿಮಗ ಝೂಮ್ ಒಂದ ಗೊತ್ತು. ಭಾವನಾ ಅಂದ್ರ ಏನಂತ ಗೊತ್ತೇನ್ರಿ?" ಎಂದೆ.

ಅವರು ಚಹಾ ಕುಡಿಯಲು ಹೋದರು. ಮದುಮಗಳು ಬಂದು ನೋಡಿ ಬಿಕ್ಕಿಬಿಕ್ಕಿ ಅತ್ತಳು. ಅವಳು ಅತ್ತದ್ದನ್ನೇ ನಾನು ಬಹುಮಾನವೆಂದು ತಿಳಿದೆ. ಕ್ಯಾಸೆಟ್ಟಿನ ಮೇಲೆ ನಮ್ಮ ಸ್ಟುಡಿಯೊ ವಿಳಾಸದ ಚೀಟಿ ಅಂಟಿಸಿ ಸೋದರಮಾವನ ಕೈಗೆ ಕೊಟ್ಟೆವು.

ಹದಿನೈದು ದಿನಕ್ಕೆ ಕ್ಯಾಂಪಿನ ಅಕ್ಕಿ ಗಿರಣಿಗೆ ಫೋನ್ ಬಂತಂತೆ. ಊರಿನಿಂದ ಯಜಮಾನನ ತಮ್ಮ ಫೋನ್ ಮಾಡಿ, ನಮ್ಮಣ್ಣನನ್ನು ಕರೆಯಿರಿ, ಅವ್ವ ಮಾತಾಡಬೇಕಂತೆ ಎಂದಿದ್ದಾನೆ. ಗಿರಣಿಯವರು ಹೋಗಿ ಕರೆದರೆ ಯಜಮಾನ, ಮದುವೆಗೆ ಬರದವಳಿಗೆ ಈಗ ಎಂಥ ಮಾತು ಎಂದು ಬರಲಿಲ್ಲ. ಗಿರಣಿಯವರು, "ಬರಾಂಗಿಲ್ಲಂತ್ರಿ" ಎಂದು ಹೇಳುವಷ್ಟು ಒರಟರಾಗಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅವರು ಮರ್ಯಾದಸ್ಥರು. ಏನೋ ತಡವರಿಸಿ ಫೋನ್ ಇಟ್ಟುಬಿಟ್ಟರು.

ಅದಾಗಿ ಎರಡನೇ ದಿನ ಬೆಳಿಗ್ಗೆ ನಾನು ಸ್ಟುಡಿಯೊದ ಕಸ ಗುಡಿಸುತ್ತಿದ್ದೆ. ಬಿಳಿ ಸೀರೆಯ ಒಬ್ಬ ಮುದುಕಿ, ಜೊತೆಗೆ ಚೀಲ ಹಿಡಿದ ಒಬ್ಬ ಗಂಡಸು ಮೆಟ್ಟಿಲು ಹತ್ತಿ ಬಂದರು. ಮುದುಕಿಯ ಕೈಯಲ್ಲಿ ನಮ್ಮ ಕ್ಯಾಸೆಟ್. ರೈಲಿನಲ್ಲಿ ಯಾದಗಿರಿಗೆ ಇಳಿದು, ಬಸ್ಸು ಹಿಡಿದು, ಚೀಟಿಯ ವಿಳಾಸ ತೋರಿಸಿ ಕೇಳುತ್ತ ಬಂದಿದ್ದಳು. ನನ್ನ ತಾಯಿ ಗುರುಮಠಕಲ್ ಕಡೆಯವಳಾದ್ದರಿಂದ ನನಗೆ ತೆಲುಗು ಬರುತ್ತದೆ. ಮುದುಕಿ ಅಂದದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ಇದನ್ನ ಮಾಡಿದಾಕಿ ನೀ ಏನು? ನೀ ಹೊರಗಿನಾಕಿ, ನಿನಗ ಮುಚ್ಚಿಡೂ ಕಾರಣ ಇಲ್ಲ. ಖರೇ ಹೇಳು. ನನ್ನ ಮಗ ಯಾವತ್ತ ಹೋದ?"

ಕಸಬರಿಗೆ ಕೈಯಲ್ಲೇ ಇತ್ತು. ಎಲ್ಲ ಒಮ್ಮೆಲೇ ತಿಳಿಯಿತು. ಮೊದಲು ಅವಳ ಗಂಡ ತತ್ತಿಯೊಳಗೆ ಕೊಳಲಿನ ಜೊತೆ ಬಂದ. ಆಮೇಲೆ ಮಗ ಅದೇ ತತ್ತಿಯೊಳಗೆ ಅದೇ ಕೊಳಲಿನ ಜೊತೆ, ಅದೂ ಬರೀ ಫೋಟೊ ಆಗಿ. ಅವನ ನಂತರ ಖಾಲಿ ಕುರ್ಚಿ. ಬೆನ್ನು ಕಂಡಿದ್ದು ಹೌದು, ಆದರೆ ಅಪ್ಪನ ಜಾಗದಲ್ಲಿ ಇನ್ನಾರನ್ನೋ ಕೂಡಿಸಿ ಮದುವೆ ಮುಗಿಸಿದ್ದಾರೆ ಎಂದುಕೊಂಡಿದ್ದಳು. ಬದುಕಿದ್ದಾನೆ ಎಂದು ಸೋದರಮಾವ ಆಣೆ ಮಾಡಿ ಹೇಳಿದನಂತೆ. ಅವನು ಸೊಸೆಯ ಕಡೆಯವನು, ಹಾಗೆ ಹೇಳೆಂದು ಕಲಿಸಿ ಕಳಿಸಿದ್ದಾರೆ ಎಂದು ನಂಬಲಿಲ್ಲ. ಫೋನಿಗೂ ಮಗ ಬರಲಿಲ್ಲ. ಇನ್ನೇನು ಬೇಕು?

"ಇದ್ದಾನವ್ವಾ, ಗುಂಡಕಲ್ಲಿನಂಗ ಅದಾನ. ತಪ್ಪು ನಂದು" ಎಂದೆ. ಅವಳು ನನ್ನನ್ನೂ ನಂಬಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರಿಲ್ಲ, ರೈಲಿನಲ್ಲೇ ಎಲ್ಲ ಮುಗಿಸಿ ಬಂದಿದ್ದಳು. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಜೀಪು ಮಾಡಿಕೊಂಡು ಹೊರಟೆವು. ನಮ್ಮನೆಯವರು ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿಕೊಂಡರು. ನಾನು ನೋಡಿದ ನೋಟಕ್ಕೆ ಮತ್ತೆ ಕೆಳಗಿಟ್ಟರು.

ಜೀಪು ಕಾಲುವೆಯ ಒಡ್ಡಿನ ಮೇಲೆ ನಿಂತಿತು. ಕೆಳಗೆ ಗದ್ದೆಯ ಅಂಚಿನಲ್ಲಿ ಯಜಮಾನ ನಮ್ಮ ಕಡೆ ಬೆನ್ನು ಮಾಡಿ ಗುದ್ದಲಿ ತೊಳೆಯುತ್ತಿದ್ದ. ಮುದುಕಿ ಜೀಪಿನಿಂದ ಇಳಿದು ಆ ಬೆನ್ನು ನೋಡಿದಳು. ಹೆಸರು ಹಿಡಿದು ಕೂಗಿದಳು. ಅವನು ತಿರುಗಿದ. ಸಿನೆಮಾದಲ್ಲಾಗಿದ್ದರೆ ಇಲ್ಲಿ ಗಾಳಿ ಬೀಸಿ, ಭತ್ತದ ಪೈರು ಅಲೆಯಾಗಿ, ಇಬ್ಬರೂ ಓಡಬೇಕಿತ್ತು. ಅವನು ಗುದ್ದಲಿ ಹಿಡಿದೇ ನಿಂತ. ಅವಳು ಒಡ್ಡಿನ ಮೇಲೇ ನಿಂತಳು. ಅಡಿಯಿಂದ ಮುಡಿಯವರೆಗೆ ಅವನನ್ನು ಎರಡು ಸಲ ನೋಡಿದಳು.

"ಬದುಕಿದಿ. ಚಲೋ ಆತು" ಎಂದಳು. ಆಮೇಲೆ ಚೀಲ ಹಿಡಿದು ನಿಂತಿದ್ದ ಸಣ್ಣ ಮಗನ ಕಡೆ ತಿರುಗಿ, "ನಡಿ, ಹೋಗೂಣು" ಎಂದಳು.

ಮಗ ಸತ್ತನೆಂದು ಹತ್ತು ವರ್ಷದ ಸಿಟ್ಟನ್ನು ಮರೆತು ಓಡಿಬಂದವಳಿಗೆ, ಬದುಕಿದ್ದಾನೆ ಎಂದು ಗೊತ್ತಾದ ಗಳಿಗೆಗೇ ಆ ಸಿಟ್ಟು ವಾಪಸು ಬಂತು. ಭಾಷಣಕಾರನ ಯಾವ ತುಣುಕಿನಲ್ಲೂ ಇದು ಇರಲಿಲ್ಲ.

ಮದುಮಗಳು ಓಡಿಬಂದು ಕಾಲು ಹಿಡಿದಳು. ಮುದುಕಿ ಅವಳನ್ನು ಎತ್ತಿ ಮುದ್ದಾಡಿದಳು, ಕೆನ್ನೆ ಹಿಂಡಿದಳು, ಕರಿಮಣಿ ಮುಟ್ಟಿ ನೋಡಿದಳು, ಆದರೆ ಒಡ್ಡು ಇಳಿಯಲಿಲ್ಲ. "ಇದು ಸರಕಾರದ ಜಾಗಾ, ಇಲ್ಲಿ ಕೂಡ್ತೀನಿ. ಅಂವನ ಮಣ್ಣಿಗೆ ಕಾಲಿಡಾಂಗಿಲ್ಲ" ಎಂದಳು. ಹುಡುಗಿ ಮನೆಗೆ ಹೋಗಿ ಒಂದು ಕುರ್ಚಿ ಹೊತ್ತು ತಂದಳು. ಅದೇ ಕಬ್ಬಿಣದ ಕುರ್ಚಿ. ಐದು ಸಲ ಸ್ಲೋಮೋಷನ್ನಿನಲ್ಲಿ ತೋರಿಸಿದ್ದ ನನಗೆ ಅದರ ಗುರುತು ಸಿಗದೆ ಇರುತ್ತದೆಯೇ?

ಆಮೇಲೆ ಮಾತುಕತೆ ನಡೆಯಿತು. ಮಗ ಕೆಳಗೆ ಗದ್ದೆಯಂಚಿಗೆ, ತಾಯಿ ಮೇಲೆ ಕುರ್ಚಿಗೆ, ನಡುವೆ ಹತ್ತು ಹೆಜ್ಜೆ. ಇಬ್ಬರ ದನಿಯೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ಹುಡುಗಿ ತೆಲುಗನ್ನು ತೆಲುಗಿಗೇ ಅನುವಾದ ಮಾಡುತ್ತ ಹತ್ತಿ ಇಳಿಯುತ್ತಿದ್ದಳು.

"ಬಿಸಲು ಭಾಳ ಐತಿ ಅಂತ ನಿಮ್ಮಜ್ಜಿಗೆ ಹೇಳು."

"ನಮ್ಮೂರಾಗೂ ಬಿಸಲು ಐತಿ ಅಂತ ನಿಮ್ಮಪ್ಪಗ ಹೇಳು."

ಊಟ ಒಡ್ಡಿನ ಮೇಲೆಯೇ ಬಂತು. ಅನ್ನ ಮುಟ್ಟಲಿಲ್ಲ, ಅದು ಅವನ ಮಣ್ಣಿನದು. ಚೀಲದಲ್ಲಿ ತಂದಿದ್ದ ಬಾಳೆಹಣ್ಣು ತಿಂದಳು. ಮಧ್ಯಾಹ್ನ ಅವನ ನೀರಿನ ಪಾಳಿ. ಕುರ್ಚಿಯ ಪಕ್ಕದಲ್ಲೇ ತೂಬು ಇತ್ತು. ಅವನು ಬಾರದೆ ವಿಧಿಯಿಲ್ಲ. ಬಂದು ತಾಯಿಯ ಕಾಲ ಬಳಿ ಬಗ್ಗಿ ಹಲಗೆ ಎತ್ತಿದ. ನೀರು ಗದ್ದೆಗೆ ಇಳಿಯಿತು.

"ಇದು ಯಾವ ಹೊಳಿ ನೀರು ಅಂತ ಕೇಳು" ಎಂದಳು ಮುದುಕಿ.

"ಕೃಷ್ಣಾ ಅಂತ ಹೇಳು."

"ಹಂಗನ್ನು ಮತ್ತ. ನಮ್ಮೂರ ಕಾಲುವಿಗೆ ನೀರು ಯಾಕ ತಡಾ ಆಗಾಕತ್ತೇತಿ ಅಂತ ಈಗ ತಿಳೀತು. ಎಲ್ಲಾ ಇಲ್ಲೇ ನಿಂದ್ರಿಸಿಕೊಂಡಾನ. ತಾಯಿಗೆ ಮಣ್ಣೂ ಬಿಡಲಿಲ್ಲ, ನೀರೂ ಬಿಡಲಿಲ್ಲ."

ಯಜಮಾನ ಬಗ್ಗಿದವನು ಬಗ್ಗಿಯೇ ಇದ್ದ. ಅವನ ಹೆಗಲು ಅಲುಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ. ನಗುವನ್ನು ತಾಯಿಗೆ ತೋರಿಸಬಾರದೆಂದು ಬೆನ್ನು ತಿರುಗಿಸಿ ಮನೆಗೆ ನಡೆದ. ಹುಡುಗಿಯ ಮುಖ ಬಾಡಿತು. ಎಲ್ಲ ಮುಗಿಯಿತು, ಜೀಪಿನವನು ಹಾರನ್ ಹೊಡೆಯುತ್ತಿದ್ದಾನೆ, ಮುದುಕಿ ಹೋಗುತ್ತಾಳೆ, ಈ ಹುಡುಗಿಯ ಒಂದೇ ಆಸೆಯನ್ನು ನಾನೇ ಕೆಡಿಸಿದೆ ಎಂದುಕೊಂಡೆ.

ಅವನು ವಾಪಸು ಬಂದ. ಕಾಲು ತೊಳೆದಿದ್ದ, ಹೆಗಲಿಗೆ ಶಲ್ಯ ಹಾಕಿದ್ದ. ಕೈಯಲ್ಲಿ ಮದುವೆಯಲ್ಲಿ ಮಿಕ್ಕ ಒಂದು ಲಗ್ನಪತ್ರಿಕೆ. ನಾಲ್ಕು ಮೂಲೆಗೂ ಹಸಿ ಅರಿಷಿಣ. ಒಡ್ಡು ಹತ್ತಿ ಬಂದು ಎರಡೂ ಕೈಯಲ್ಲಿ ಅದನ್ನು ತಾಯಿಗೆ ಕೊಟ್ಟು, ಬಗ್ಗಿ ಕಾಲು ಮುಟ್ಟಿದ. ಮೊದಲ ಸಲ ಹುಡುಗಿಯ ಕಡೆ ನೋಡದೆ ಮಾತಾಡಿದ.

"ಅವ್ವಾ, ನನ್ನ ಮಗಳ ಮದಿವಿ ಐತಿ. ನೀ ಬರಬೇಕು."

ಮುದುಕಿ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಯಾವತ್ತೈತಿ?"

"ಆಗಿ ತಿಂಗಳಾಗಾಕ ಬಂತು."

"ಹಂಗಾದ್ರ ಭಾಳ ತಡಾ ಆಗೇತಿ, ನಡಿ" ಎಂದು ಎದ್ದು, ಅವನ ಹೆಗಲು ಹಿಡಿದು ಒಡ್ಡು ಇಳಿದಳು. ಹುಡುಗಿ ಕುರ್ಚಿ ಹೊತ್ತುಕೊಂಡು ಹಿಂದೆ ಓಡಿದಳು.

ಸಂಜೆ ಮನೆಯಲ್ಲಿ ಎಲ್ಲರೂ ಕೂತು ಅದೇ ಕ್ಯಾಸೆಟ್ ಹಾಕಿದರು. ನಾನು ಬೇಡವೆಂದೆ, ಯಾರೂ ಕೇಳಲಿಲ್ಲ. ಅಜ್ಜನ ತತ್ತಿ ಬಂದಾಗ ಮುದುಕಿ ಕೈಮುಗಿದಳು. ತಾಳಿಯ ಹೊತ್ತಿಗೆ ನನ್ನ ಕೊಳಲು ಶುರುವಾಯಿತು. ಬೆನ್ನು, ಕುರ್ಚಿ, ಬೆನ್ನು, ಕುರ್ಚಿ. ಮಗನ ಫೋಟೊ ತತ್ತಿಯೊಳಗೆ ಬಂದ ಕೂಡಲೇ ಮುದುಕಿ ಎದ್ದು ಟಿವಿಯ ಹತ್ತಿರ ಹೋಗಿ, ಗಾಜಿನ ಮೇಲೆ ಅಂಗೈ ಇಟ್ಟು ಅವನ ಮುಖ ಮುಚ್ಚಿ ನಿಂತಳು. ಹಿಂದೆ ಕೂತಿದ್ದ ಮಗ ಬದುಕಿದ್ದಾನೆ, ಕೆಮ್ಮುತ್ತಿದ್ದಾನೆ, ಅವಳಿಗೆ ಗೊತ್ತು. ಆದರೂ ಕೊಳಲು ನಿಲ್ಲುವವರೆಗೆ ಕೈ ತೆಗೆಯಲಿಲ್ಲ. ನಾನು ಆ ಭಾಗ ಅಳಿಸಿ ಬೇರೆ ಕ್ಯಾಸೆಟ್ ಮಾಡಿಕೊಟ್ಟೆ. ಮತ್ತೆಂದೂ ಮೂಗುತಿ ಬಿಟ್ಟು ಆಚೆ ಹೋಗಲಿಲ್ಲ.

ನಾಲ್ಕೈದು ವರ್ಷದ ಮೇಲೆ ಆ ಮನೆಯ ಎರಡನೇ ಮಗಳ ಮದುವೆಯಾಯಿತು. ಅಷ್ಟರಲ್ಲಿ ಮುದುಕಿ ತೀರಿಕೊಂಡಿದ್ದಳು. ಯಜಮಾನ ತಾನೇ ಸ್ಟುಡಿಯೊಗೆ ಬಂದು ತಾಯಿಯ ಫೋಟೊವನ್ನು ಕಾಗದದ ಪೊಟ್ಟಣದಿಂದ ತೆಗೆದು ನನ್ನ ಕೈಗೆ ಕೊಟ್ಟ. ಒಡ್ಡಿನ ಮೇಲೆ ಕುರ್ಚಿ ಹಾಕಿ ಕೂಡಿಸಿ ತೆಗೆಸಿದ ಫೋಟೊ. ನಾನು ತತ್ತಿಯ ಗುಂಡಿಗೆ ಕೈ ಹಾಕಿದೆ. ಈ ಸಲ ತಪ್ಪೇನೂ ಇರಲಿಲ್ಲ.

"ಅದ್ರಾಗ ಬ್ಯಾಡ್ರಿ ಅಕ್ಕಾರ" ಎಂದ. ಬೆನ್ನು ತಿರುಗಿಸಿ ರಸ್ತೆಯ ಕಡೆ ನೋಡುತ್ತ ನಿಂತಿದ್ದ. "ಆ ಸಣ್ಣ ಮಕ್ಕಳದು ಐತಲ್ರಿ, ಚುಕ್ಕೀದು. ಅದ್ರಾಗ ಕೂಡಿಸ್ರಿ. ಬ್ಯಾಂಡ್ ಹಾಕ್ರಿ."